ಪೌಡರ್ ಹಾಕದ ದಿನ

ಆ ಬೆಳಿಗ್ಗೆ ಪೌಡರಕ್ಕ ಪೌಡರ್ ಹಾಕಿಕೊಳ್ಳಲಿಲ್ಲ. ರಾದ್ಧಾಂತವೆಲ್ಲ ಶುರುವಾದದ್ದು ಅಲ್ಲಿಂದ.

ಬೇರೆ ಯಾರಾದರೂ ಆಗಿದ್ದರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಆದರೆ ಇವಳು ಮೆಟ್ಟಿಲಿಳಿಯುವ ಮೊದಲೇ ಇವಳ ಗುಲಾಬಿ ಪೌಡರಿನ ಪರಿಮಳ ಇಳಿದು ಕೆಳಗಿನ ಮನೆಯವರ ಬಾಗಿಲು ತಟ್ಟುತ್ತಿತ್ತು. ಕೆಲಸ ಬೇಕರಿಯ ಕೌಂಟರಿನಲ್ಲಿ. ಬೆನ್ನ ಹಿಂದಿನ ಗೋಡೆಯಾಚೆ ಬ್ರೆಡ್ ಬೇಯುವ ಭಟ್ಟಿ. ಆ ಸೆಕೆಗೆ ಪೌಡರೊಂದೇ ಗತಿ. ಕತ್ತಿಗೆ, ಕಂಕುಳಿಗೆ, ಬೆನ್ನಿಗೆ, ಕೈ ಎಟುಕಿದಲ್ಲಿಗೆಲ್ಲ ಸುರಿದುಕೊಂಡು ಕೂತರೆ, ಮೈಮೇಲಿರುವುದು ಮೈದಾಹಿಟ್ಟೋ ಪೌಡರೋ ಗಿರಾಕಿಗಳಿಗೆ ತಿಳಿಯುತ್ತಿರಲಿಲ್ಲ. ಅಪ್ಪ ಅಮ್ಮ ಇಟ್ಟ ಹೆಸರು ಎಂದೋ ಹಿಂದೆ ಬಿದ್ದು, ಇಡೀ ಕಟ್ಟಡಕ್ಕೆ ಅವಳು ಪೌಡರಕ್ಕ.

ಇವತ್ತು ಹಾಕಿಕೊಳ್ಳದಿರುವುದಕ್ಕೆ ಕಾರಣ ಮಗಳು. ದೂರದ ಹಾಸ್ಟೆಲಿನಲ್ಲಿದ್ದು ಓದುವ ಆ ಹುಡುಗಿ ಅಲ್ಲಿಂದಲೇ ಫೋನು ಮಾಡಿ, ದೊಡ್ಡಾಸ್ಪತ್ರೆಯಲ್ಲಿ ಅಮ್ಮನ ಹೆಸರಿಗೆ ಸಮಯ ಗೊತ್ತು ಮಾಡಿದ್ದಳು. ಬಿ.ಪಿ., ಶುಗರ್, ಗರ್ಭಕೋಶದ ಬಾಯಿಯ ಪರೀಕ್ಷೆ, ಕೊನೆಗೆ ಎದೆಯ ಎಕ್ಸ್‌ರೇ, ಮ್ಯಾಮೊಗ್ರಾಂ ಅಂತಾರಲ್ಲ, ಅದು.

"ನಂಗೇನಾಗಿದೆ ಅಂತ ಕಣೇ? ಗುಂಡುಕಲ್ಲಿನ ಹಾಗಿದ್ದೀನಿ."

"ಗುಂಡುಕಲ್ಲಿನ ಹಾಗಿರುವಾಗ್ಲೇ ಮಾಡ್ಸೋದಮ್ಮ ಇದು. ದೊಡ್ಡಮ್ಮನೂ ಹೀಗೇ ಅಂತಿದ್ರು."

ದೊಡ್ಡಮ್ಮ ಅಂದರೆ ಪೌಡರಕ್ಕನ ಸ್ವಂತ ಅಕ್ಕ. ಎದೆಯಲ್ಲೊಂದು ಗಂಟು ಕೈಗೆ ಸಿಕ್ಕರೂ ನಾಚಿಕೊಂಡು ಯಾರಿಗೂ ಹೇಳಲಿಲ್ಲ. ಹೇಳುವ ಹೊತ್ತಿಗೆ ಕೈಮೀರಿತ್ತು. ಅವಳು ಹೋದಮೇಲೆ ಮಗಳು ಕೇಳುವುದೂ ತಾಯಿ "ಬರೋ ತಿಂಗಳು ಹೋಗ್ತೀನಿ" ಅನ್ನುವುದೂ ನಡೆದೇ ಇತ್ತು. ಹಿಂದೆ ಎರಡು ಸಲ ಹೊರಟು, ಆಸ್ಪತ್ರೆಯ ಗೇಟು ಮುಟ್ಟಿ, ಹೆದರಿ, ಬಸ್ಸು ಹತ್ತಿ ವಾಪಸು ಬಂದಿದ್ದಳು. ಈ ಸಲವೂ ತಿರುಗಿ ಬಂದರೆ ಇನ್ನು ಈ ಜನ್ಮದಲ್ಲಿ ತನ್ನಿಂದ ಆಗುವುದಿಲ್ಲ ಅನ್ನುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಪೌಡರ್, ಸೆಂಟು, ಕ್ರೀಮು ಯಾವ್ದೂ ಮೈಗೆ ತಾಗಬಾರ್ದು. ಸತ್ಯ ಮಾಡು," ಅಂದಿದ್ದಳು ಮಗಳು.

"ಸತ್ಯ ಕಣಮ್ಮ. ಆದ್ರೆ ನೀನೂ ಸತ್ಯ ಮಾಡು. ನಿಮ್ಮಪ್ಪನಿಗೆ ಹೇಳಕೂಡ್ದು."

ಗಂಡ ಕೆಟ್ಟವನಲ್ಲ. ದೊಡ್ಡಾಸ್ಪತ್ರೆಯ ರಸ್ತೆಯಲ್ಲೇ ಫೋಟೋ ಪ್ರಿಂಟು ಹಾಕಿ ಫ್ರೇಮು ಕಟ್ಟುವ ಅಂಗಡಿ ಇಟ್ಟಿದ್ದ. ಅವನಿಗೆ ಇದ್ದ ದೋಷ ಎರಡು. ಒಂದು, ಬಾಯಲ್ಲಿ ಮಾತು ನಿಲ್ಲದು. ಹೆಂಡತಿಗೆ ನೆಗಡಿಯಾದರೆ ಅಂಗಡಿಗೆ ಬಂದ ಗಿರಾಕಿಗಳು ಮನೆಗೆ ಬಂದು ಕಷಾಯ ಹೇಳಿಕೊಟ್ಟು ಹೋಗುತ್ತಿದ್ದರು. ಇನ್ನೊಂದು, ಕೆಟ್ಟುಹೋದ ಪ್ರಿಂಟನ್ನು ಬಿಸಾಡಲು ಮನಸ್ಸು ಬಾರದು. ಅಂಚು ಸೊಟ್ಟಗೆ ಕತ್ತರಿಸಿಹೋದದ್ದು, ಬಣ್ಣ ಕದಡಿದ್ದು, ಎಲ್ಲಕ್ಕೂ ಉಳಿಕೆ ಕಟ್ಟಿಗೆಯ ಫ್ರೇಮು ಕಟ್ಟಿ ಮನೆಗೆ ತರುತ್ತಿದ್ದ. ಹೀಗಾಗಿ ಅವರ ಹಾಲಿನ ಗೋಡೆಯ ತುಂಬ ಗುರುತಿಲ್ಲದವರ ಮದುವೆ, ಯಾರದೋ ಮಗುವಿನ ಮೊದಲ ಹಲ್ಲು, ಒಬ್ಬ ನಿವೃತ್ತ ಎಂಜಿನಿಯರ್. ಊಟಕ್ಕೆ ಕೂತರೆ ಎಂಜಿನಿಯರ್ ತಟ್ಟೆಯನ್ನೇ ನೋಡುತ್ತಿದ್ದರು.

ಬೇಕರಿಗೆ ರಜೆ ಹೇಳಿ, ಗಂಡನಿಗೆ ಬೇಕರಿಗೆ ಅಂತ ಹೇಳಿ, ಚೀಲದಲ್ಲೊಂದು ಟವೆಲು, ಮುಂದೆ ಗುಂಡಿಯಿರುವ ಒಂದು ಅಂಗಿ ಇಟ್ಟುಕೊಂಡು ಪೌಡರಕ್ಕ ಕಳ್ಳಿಯ ಹಾಗೆ ಮೆಟ್ಟಿಲಿಳಿದಳು.

ಕೆಳಗೆ ಹೆಡ್‌ಮಿಸ್ಸು ಕುರ್ಚಿ ಹಾಕಿಕೊಂಡು ಕೂತಿದ್ದರು. ಹೈಸ್ಕೂಲಿನಿಂದ ನಿವೃತ್ತರಾದ ಮೇಲೆ ಅವರಿಗೆ ಉಳಿದಿದ್ದ ಶಾಲೆ ಎಂದರೆ ಈ ಕಟ್ಟಡವೇ. ಪೌಡರಕ್ಕ ದಾಟಿ ಹೋದಳು. ಹೆಡ್‌ಮಿಸ್ಸಿನ ಮೂಗು ಏನನ್ನೋ ಹುಡುಕಿ, ಸಿಗದೆ, ಗಾಬರಿಯಾಯಿತು.

"ನಿಲ್ಲಮ್ಮಾ ಅಲ್ಲೇ! ತಿರುಗು ಈ ಕಡೆ. ಇದೇನು ಮುಖ ಸುಣ್ಣ ಕೆರೆದ ಗೋಡೆ ಆಗಿದೆ? ಯಾರಾದ್ರೂ ಹೋಗ್ಬಿಟ್ರಾ?"

"ಅಯ್ಯೋ ಬಿಡ್ತು ಅನ್ನಿ ಮಿಸ್. ಪೌಡರ್ ಖಾಲಿಯಾಗಿತ್ತು, ಅಷ್ಟೇ."

ಅಷ್ಟೇ ಅಂದುಕೊಂಡದ್ದು ಅವಳ ತಪ್ಪು. ಎದುರು ಬಾಗಿಲಿನಲ್ಲೇ ಬ್ಯೂಟಿ ಪಾರ್ಲರ್. ಅದರ ಒಡತಿಗೆ, ಎಲ್ಲರೂ ಪಾರ್ಲರ್ ಪುಟ್ಟಿ ಅಂತ ಕರೆಯುವ ಆ ಹೆಂಗಸಿಗೆ, ಪೌಡರಕ್ಕ ಎಂದರೆ ಪ್ರಾಣ.

"ಏನಕ್ಕಾ, ಪೌಡರ್ ಖಾಲಿಯಾದ್ರೆ ನಾನು ಸತ್ತೋಗಿದ್ದೀನಾ?" ಅನ್ನುತ್ತಾ ಬಂದವಳೇ ಕೈಹಿಡಿದು ಒಳಗೆಳೆದು, ಕುರ್ಚಿಯಲ್ಲಿ ಕೂರಿಸಿ, ದೊಡ್ಡ ಬ್ರಷ್ಷಿಗೆ ಪೌಡರ್ ಅದ್ದಿ ಕುತ್ತಿಗೆಗೆ ಹೊಡೆದಳು.

"ಬೇಡ್ವೇ! ಬೇಡ! ಸತ್ಯ ಮಾಡಿದ್ದೀನಿ!"

"ಪೌಡರ್ ಹಾಕ್ಕೊಳ್ಳಲ್ಲ ಅಂತ ಯಾರಾದ್ರೂ ಸತ್ಯ ಮಾಡ್ತಾರಾ? ತಲೆಗಿಲೆ ಕೆಟ್ಟಿದ್ಯಾ?" ಪುಟ್ಟಿಯ ಕಣ್ಣು ಆಗಲೇ ಚೀಲದ ಮೇಲೆ. "ಇದೇನಕ್ಕ ಈ ಟವೆಲು, ನೆಲ ಒರೆಸೋಕೂ ಆಗಲ್ಲ. ಥೂ. ತಗೋ, ಇದಿಟ್ಕೋ." ಹಳೆಯ ಟವೆಲನ್ನು ಕಿತ್ತು ಮೂಲೆಗೆಸೆದು, ತನ್ನ ಪಾರ್ಲರಿನ ಕಪಾಟಿನಿಂದ ಮಡಿಚಿಟ್ಟ ಬಿಳಿ ಟವೆಲೊಂದನ್ನು ತುರುಕಿದಳು.

ಪೌಡರಕ್ಕ ಬಿಡಿಸಿಕೊಂಡು ಓಡಿದಳು.

"ನೋಡಿದ್ಯಾ?" ಹೆಡ್‌ಮಿಸ್ಸು ಪುಟ್ಟಿಯನ್ನು ತಗ್ಗಿದ ದನಿಯಲ್ಲಿ ಕೇಳಿದರು. "ಅಲಂಕಾರ ಬಿಟ್ಟಿದ್ದಾಳೆ. ಚೀಲದಲ್ಲಿ ಬಟ್ಟೆ. ಏನೋ ಸತ್ಯ ಮಾಡಿದ್ದಾಳಂತೆ. ಅರ್ಥ ಆಯ್ತಾ?"

"ಇಲ್ಲ ಮಿಸ್."

"ಗಂಡನ್ನ ಬಿಟ್ಟು ಹೋಗ್ತಿದ್ದಾಳೆ! ಆ ಎಂಜಿನಿಯರ್ ಫೋಟೋ ಮನೇಲಿ ತೂಗುಹಾಕಿದ ದಿನವೇ ಅಂದ್ಕೊಂಡೆ. ಎಷ್ಟೂಂತ ಸಹಿಸ್ತಾಳೆ ಪಾಪ. ಚಪ್ಪಲಿ ಹಾಕು, ನಡಿ."

ಪೌಡರಕ್ಕ ಬಸ್ಸಿನ ಮುಂದಿನ ಬಾಗಿಲಲ್ಲಿ ಹತ್ತಿದರೆ ಇವರಿಬ್ಬರೂ ಹಿಂದಿನದರಲ್ಲಿ ಹತ್ತಿದರು. ಗಂಡನ ಅಂಗಡಿ ಎದುರಾಗದಿರಲೆಂದು ಅವಳು ಒಂದು ಸ್ಟಾಪು ಮೊದಲೇ ಇಳಿದು, ಮುಖಕ್ಕೆ ಚೀಲ ಅಡ್ಡ ಹಿಡಿದು, ಲಾಂಡ್ರಿಯ ಹಿಂಬದಿಯ ಸಂದಿಯಲ್ಲಿ ನುಗ್ಗಿದಳು. ಒದ್ದೆ ಹಾಸಿಗೆ ಬಟ್ಟೆಗಳ ನಡುವೆ ತೂರಿ ಆಚೆ ಬಂದು ನೋಡಿದರೆ ಆಸ್ಪತ್ರೆಯ ಗೇಟು. ಕಾಲು ಅಭ್ಯಾಸದಂತೆ ಅಲ್ಲೇ ನಿಂತಿತು. ತಿರುಗಿ ಹೋಗಿಬಿಡೋಣ ಅನ್ನಿಸಿತು. ತಿರುಗಿಯೂಬಿಟ್ಟಳು. ತಿರುಗಿದರೆ ಹೆಡ್‌ಮಿಸ್ಸು.

"ಹಿಂದಕ್ಕೆ ಬಾರಮ್ಮಾ," ಅಂದರು ಅವರು ಏದುಸಿರು ಬಿಡುತ್ತಾ. "ಏನೇ ಇದ್ರೂ ಮಾತಾಡಿ ಸರಿಮಾಡ್ಕೋಬಹುದು. ಗಂಡಸು ಅಂದ್ಮೇಲೆ ಸ್ವಲ್ಪ ಹಾಗೇನೇ."

"ಗಂಡಸಾ? ಯಾವ ಗಂಡಸು? ನಾನು ಡಾಕ್ಟರ ಹತ್ರ ಬಂದಿದ್ದೀನಿ ಮಿಸ್!"

ಅಂದಮೇಲೆ ಹೇಳಲೇಬೇಕಾಯಿತು. ಗೇಟಿನ ಪಕ್ಕ ನಿಂತು, ಅಕ್ಕನಿಂದ ಹಿಡಿದು ಮಗಳ ತನಕ ಎಲ್ಲ ಹೇಳಿದಳು. ಪುಟ್ಟಿ ಮೂಗು ಸೇದಿದಳು. ಹೆಡ್‌ಮಿಸ್ಸು ಸೆರಗು ಸೊಂಟಕ್ಕೆ ಸಿಕ್ಕಿಸಿ, "ಹಾಗಿದ್ರೆ ಹಿಂದಕ್ಕೆ ಬರ್ಬೇಡ. ಮುಂದಕ್ಕೆ ನಡಿ," ಅಂದರು. ಒಂದೊಂದು ಕಡೆ ಒಬ್ಬೊಬ್ಬರು ತೋಳು ಹಿಡಿದುಕೊಂಡರು. ಇನ್ನು ತಿರುಗಿ ಓಡುವ ದಾರಿಯೇ ಇರಲಿಲ್ಲ. ಹೋಗುವುದೇನಿದ್ದರೂ ಮುಂದಕ್ಕೇ.

"ನಮ್ಮೋರಿಗೆ ಹೇಳ್ಬೇಡಿ ಮತ್ತೆ. ನನ್ನಾಣೆ."

"ಆಣೆ," ಅಂದರು ಇಬ್ಬರೂ.

ಒಳಗೆ ಎಲ್ಲ ಅವಳಂದುಕೊಂಡದ್ದಕ್ಕಿಂತ ಸುಲಭವಿತ್ತು. ತೋಳಿಗೆ ಪಟ್ಟಿ ಕಟ್ಟಿ ಬಿ.ಪಿ. ನೋಡಿದರು, ಒಂದು ಸೂಜಿ ರಕ್ತ ತೆಗೆದರು. ಗರ್ಭಕೋಶದ ಬಾಯಿಯ ಪರೀಕ್ಷೆಗೆ ಪರದೆಯ ಹಿಂದೆ ಮಲಗಿ, ಕಣ್ಣು ಬಿಗಿಯಾಗಿ ಮುಚ್ಚಿ, ಹಲ್ಲು ಕಚ್ಚಿ ತಯಾರಾಗುವಷ್ಟರಲ್ಲಿ ಡಾಕ್ಟರಮ್ಮ "ಆಯ್ತು, ಏಳಿ," ಅಂದರು. "ಇಷ್ಟೇನಾ?" ಅಂತ ಪೌಡರಕ್ಕ ಎರಡು ಸಲ ಕೇಳಿದಳು. ಇಷ್ಟಕ್ಕಾಗಿ ಎಷ್ಟು ವರ್ಷ ಹೆದರಿದೆ ಅಂತ ತನ್ನ ಮೇಲೇ ಸಿಟ್ಟು ಬಂತು.

ಉಳಿದದ್ದು ಎಕ್ಸ್‌ರೇ. ಮಗಳಿಗೆ ಕೊಟ್ಟ ಮಾತು ನೆನಪಾಗಿ, ಬೆಳಗಿನ ಪೌಡರ್ ತೊಳೆಯಲು ಬಚ್ಚಲಿಗೆ ಹೋದಳು. ಕುತ್ತಿಗೆ, ಕಂಕುಳು, ಎದೆ ಎಲ್ಲ ಉಜ್ಜಿ ಉಜ್ಜಿ ತೊಳೆದಳು. ಬ್ರೆಡ್ಡಿನ ಅಚ್ಚು ತಿಕ್ಕುವ ಹಾಗೆ ತಿಕ್ಕಿದಳು. ಚೀಲದಿಂದ ಪುಟ್ಟಿಯ ಟವೆಲು ತೆಗೆದು, ಒಂದು ಹನಿಯೂ ಉಳಿಯದಂತೆ ಒರೆಸಿಕೊಂಡಳು. ಮುಂದೆ ಗುಂಡಿಯಿರುವ ಅಂಗಿ ಹಾಕಿಕೊಂಡು, ಶಾಲೆಗೆ ಮೊದಲ ದಿನ ಹೊರಟ ಮಗುವಿನಂತೆ ಶುದ್ಧವಾಗಿ ಒಳಗೆ ಹೋದಳು.

ಯಂತ್ರ ಕಂಡು ಬಾಯಿ ತೆರೆದಳು. ಆಳೆತ್ತರ, ಬೆಳ್ಳಗೆ, ಒಂದು ಸದ್ದಿಲ್ಲ. ಟೆಕ್ನಿಶಿಯನ್ ಹುಡುಗಿ ಅವಳ ಭುಜ ಹಿಡಿದು, "ಇಲ್ಲಿ ನಿಲ್ಲಿ ಆಂಟಿ. ಸ್ವಲ್ಪ ಒತ್ತುತ್ತೆ. ಉಸಿರು ಹಿಡ್ಕೊಳ್ಳಿ," ಅಂದಳು. ಎರಡು ಹಲಗೆಗಳ ನಡುವೆ ಒತ್ತಿದಾಗ ನೋವಾಯಿತು, ಸುಳ್ಳೇಕೆ ಹೇಳಬೇಕು. ಆದರೆ ಬೆರಳು ಬಾಗಿಲಿಗೆ ಸಿಕ್ಕಿಕೊಂಡಷ್ಟೂ ಅಲ್ಲ. ಅಯ್ಯೋ ಅನ್ನುವಷ್ಟರಲ್ಲಿ ಬಿಟ್ಟಿತು.

ಮೂಲೆಯ ಪರದೆಯ ಮೇಲೆ ಚಿತ್ರ ಮೂಡಿತು.

ಪೌಡರಕ್ಕ ನೋಡುತ್ತಾ ನಿಂತುಬಿಟ್ಟಳು. ಕಗ್ಗತ್ತಲು. ಅದರೊಳಗೆ ಬೂದಿಬಣ್ಣದ ತೆಳು ಮೋಡ, ಮೋಡದೊಳಗೆ ಗಾಳಿ ಬಾಚಿದಂತೆ ನವಿರಾದ ಎಳೆಗಳು. ಅಲ್ಲಲ್ಲಿ, ಒಂದು ಕಡೆ ದಟ್ಟವಾಗಿ ಇನ್ನೊಂದು ಕಡೆ ವಿರಳವಾಗಿ, ಮಿನುಗುವ ಬಿಳಿ ಚುಕ್ಕಿಗಳು. ಇದು ತಾನಾ? ದಿನವೂ ಕನ್ನಡಿಯ ಮುಂದೆ ನೋಡಿಯೂ ನೋಡದಂತೆ ಬಟ್ಟೆ ಎಳೆದುಕೊಳ್ಳುತ್ತಿದ್ದ ಈ ಮೈಯೊಳಗೆ ಇಷ್ಟು ದೊಡ್ಡ ಆಕಾಶ ಇತ್ತಾ? ಇದರಿಂದಲೇ ಅಲ್ಲವೇ ಆ ಹುಡುಗಿ ಹಾಲು ಕುಡಿದು ಬೆಳೆದು, ಇವತ್ತು ಫೋನಿನಲ್ಲಿ ಗದರಿಸುವಷ್ಟು ದೊಡ್ಡವಳಾದದ್ದು!

"ಎಷ್ಟು ಚೆನ್ನಾಗಿದೆ ಅಲ್ವೇನಮ್ಮಾ?" ಅಂದಳು ಮೆಲ್ಲಗೆ.

ಹುಡುಗಿ ಪರದೆಯ ಹತ್ತಿರ ಬಗ್ಗಿದಳು. ಅವಳ ನಗು ಮಾಯವಾಗಿತ್ತು. ಚುಕ್ಕಿಗಳನ್ನು ದೊಡ್ಡದು ಮಾಡಿ ನೋಡಿದಳು. "ಒಂದ್ನಿಮಿಷ ಕೂತಿರಿ ಆಂಟಿ," ಅಂತ ಹೊರಗೆ ಹೋದಳು.

ಆ ಒಂದು ನಿಮಿಷ ಪೌಡರಕ್ಕನಿಗೆ ಅಕ್ಕ ನೆನಪಾದಳು. ಹಾಸಿಗೆಯ ಮೇಲೆ ಕೂತು, ಬಟ್ಟೆಯಿಲ್ಲದ ಮಗುವಿನಂತೆ ಎರಡೂ ಕೈಯಿಂದ ಎದೆ ಮುಚ್ಚಿಕೊಂಡು, "ನಿನಗೊಬ್ಬಳಿಗೇ ಹೇಳ್ತಿದ್ದೀನಿ ಕಣೇ," ಅಂದಿದ್ದ ಅಕ್ಕ. ಪರದೆಯ ಮೇಲಿನ ಚುಕ್ಕಿಗಳು ಈಗ ಚೆಂದ ಕಾಣಲಿಲ್ಲ. ಆದರೂ ಕಣ್ಣು ಕೀಳಲಾಗಲಿಲ್ಲ. ಇರಲಿ, ಅಂದುಕೊಂಡಳು. ಏನಿದ್ದರೂ ಇರಲಿ. ಬಂದೆನಲ್ಲ. ಈ ಸಲ ಬಂದೆನಲ್ಲ.

ಡಾಕ್ಟರಮ್ಮ ಬಂದರು. ಕನ್ನಡಕ ಏರಿಸಿ ಪರದೆ ನೋಡಿದರು, ಇಳಿಸಿ ಇವಳನ್ನು ನೋಡಿದರು. ಆಮೇಲೆ ಹತ್ತಿರ ಬಂದು, ಯಾರೂ ಊಹಿಸದ ಒಂದು ಕೆಲಸ ಮಾಡಿದರು. ಮೂಸಿದರು.

"ಪೌಡರ್ ಹಾಕ್ಕೊಂಡಿದ್ದೀರಾ?"

"ಇಲ್ಲ ಡಾಕ್ಟ್ರೇ! ದೇವರಾಣೆ! ತಿಕ್ಕಿ ತಿಕ್ಕಿ ತೊಳ್ಕೊಂಡಿದ್ದೀನಿ!"

"ಗುಲಾಬಿ ತೋಟ ಹೊಕ್ಕ ಹಾಗಿದೆಯಲ್ರೀ ಇಲ್ಲಿ."

ಪೌಡರಕ್ಕ ಮೂಸಿಕೊಂಡಳು. ಏನೂ ಗೊತ್ತಾಗಲಿಲ್ಲ. ಅಷ್ಟು ವರ್ಷ ಆ ಪರಿಮಳದೊಳಗೇ ಬದುಕಿದ ಮೂಗು ಅದು. ಮೀನಿಗೆ ನೀರು ಕಾಣದ ಹಾಗೆ. ಡಾಕ್ಟರಮ್ಮ ಅವಳ ಕಂಕುಳ ಬಳಿ ಬೆರಳು ಸವರಿ ಮೇಲೆತ್ತಿ ತೋರಿಸಿದರು. ಬೆರಳ ತುದಿ ಬೆಳ್ಳಗಿತ್ತು.

"ಎಲ್ಲಿಂದ ಬಂತಿದು?"

ಪುಟ್ಟಿಯನ್ನು ಕರೆಸಿದರು. ಅವಳು ಟವೆಲು ನೋಡಿದಳು, ಪರದೆ ನೋಡಿದಳು, ಹಣೆ ಬಡಿದುಕೊಂಡಳು. "ನಮ್ಮ ಪಾರ್ಲರ್ ಟವೆಲಿಗೆ ಒಳಗಡೆ ಪೌಡರ್ ಹಾಕ್ದೇ ಮಡಿಚೋದೇ ಇಲ್ಲ ಡಾಕ್ಟ್ರೇ. ಗಿರಾಕಿಗಳ ಮೈಗೆ ಮೆತ್ತಗಿರ್ಲಿ ಅಂತ. ಅಕ್ಕಂಗೆ ಅಂತ ಎರಡು ಕೈ ಜಾಸ್ತಿ ಹಾಕಿರೋದೇ ಕೊಟ್ಟೆ!"

ತೊಳೆದದ್ದು ನೀರು, ಬಳಿದದ್ದು ಟವೆಲು.

ಡಾಕ್ಟರಮ್ಮ ನಕ್ಕರು. ಟೆಕ್ನಿಶಿಯನ್ ಹುಡುಗಿ ಗೋಡೆಗೆ ಒರಗಿ ಕಣ್ಣೊರೆಸಿಕೊಂಡು ನಕ್ಕಳು. "ಎಕ್ಸ್‌ರೇಲಿ ಪೌಡರಿನ ಕಣ ಹೀಗೇ ಚುಕ್ಕಿ ಚುಕ್ಕಿಯಾಗಿ ಕಾಣುತ್ತೆ. ಕೆಟ್ಟದ್ದು ಕೂಡ ಕೆಲವು ಸಲ ಹೀಗೇ ಕಾಣುತ್ತೆ. ಅದಕ್ಕೇ ಹಾಕ್ಕೋಬೇಡಿ ಅನ್ನೋದು," ಅಂದರು ಡಾಕ್ಟರಮ್ಮ. ಆಸ್ಪತ್ರೆಯದೇ ಒದ್ದೆ ಬಟ್ಟೆಯಲ್ಲಿ ಒರೆಸಿ, ಮತ್ತೆ ನಿಲ್ಲಿಸಿ, ಮತ್ತೆ ತೆಗೆದರು. ಈ ಸಲ ಪರದೆಯ ಮೇಲೆ ಮೋಡವಿತ್ತು, ಎಳೆಗಳಿದ್ದವು. ಒಂದು ಚುಕ್ಕಿಯೂ ಇರಲಿಲ್ಲ, ಮಳೆ ನಿಂತ ಬೆಳಗಿನ ಹಾಗೆ.

"ಏನೂ ಇಲ್ಲಮ್ಮ. ಚೆನ್ನಾಗಿದ್ದೀರಿ. ಮುಂದೆ ಯಾವಾಗ ಅಂತ ಹೇಳ್ತೀನಿ, ತಪ್ಪಿಸ್ಬೇಡಿ. ಮಧ್ಯೆ ಏನಾದ್ರೂ ಬದಲಾವಣೆ ಕಂಡ್ರೆ ಆ ತಾರೀಖಿಗೆ ಕಾಯ್ಬೇಡಿ, ಬಂದ್ಬಿಡಿ."

ಪೌಡರಕ್ಕ ಅತ್ತಳು. ಪುಟ್ಟಿ ಅದಕ್ಕಿಂತ ಜೋರಾಗಿ ಅತ್ತಳು. ಕಣ್ಣೊರೆಸಿಕೊಳ್ಳಲು ಟವೆಲು ಚಾಚಿದಳು. ಯಾರೂ ಮುಟ್ಟಲಿಲ್ಲ.

"ಒಂದು ಕೇಳ್ಲಾ?" ಅಂದರು ಡಾಕ್ಟರಮ್ಮ. "ದಿನಾ ಯಾರಾದ್ರೊಬ್ರು ಪೌಡರ್ ಹಾಕ್ಕೊಂಡು ಬರ್ತಾರೆ. ಹೇಳಿ ಹೇಳಿ ಸಾಕಾಗಿದೆ. ಆ ಚುಕ್ಕಿಯ ಚಿತ್ರ ದೊಡ್ಡದು ಮಾಡಿಸಿ ಹೊರಗಡೆ ಗೋಡೆಗೆ ಹಾಕ್ಲಾ? ನಿಮ್ಮ ಹೆಸರು ಇರಲ್ಲ. ಯಾರದ್ದು ಅಂತ ಒಂದು ನರಪಿಳ್ಳೆಗೂ ಗೊತ್ತಾಗಲ್ಲ. ಬೇಡ ಅಂದ್ರೆ ಬೇಡ."

ಪೌಡರಕ್ಕ ಯೋಚಿಸಿದಳು. ಅಕ್ಕನಂಥ ಯಾರಾದರೂ ಆ ಗೋಡೆಯ ಮುಂದೆ ಕೂತು, ಚಿತ್ರ ನೋಡುತ್ತಾ ಸ್ವಲ್ಪ ಧೈರ್ಯ ತಂದುಕೊಂಡರೆ? "ಹಾಕಿ ಡಾಕ್ಟ್ರೇ," ಅಂದಳು. "ನಮ್ಮೋರಿಗಂತೂ ಗೊತ್ತಾಗಲ್ಲ ತಾನೇ?"

"ಖಂಡಿತ ಇಲ್ಲ. ಇವತ್ತೇ ಕಳಿಸ್ತೀನಿ."

ಹೊರಗೆ ಹೆಡ್‌ಮಿಸ್ಸು ಕಂಬದಂತೆ ಕೂತಿದ್ದರು. ಎಲ್ಲ ಕೇಳಿದ ಮೇಲೆ ಪೌಡರಕ್ಕನನ್ನು ಪಕ್ಕಕ್ಕೆ ಕರೆದು, ಸಾವಿರಾರು ಮಕ್ಕಳನ್ನು ನಡುಗಿಸಿದ್ದ ಆ ಬಾಯಿ ಕಿವಿಗಿಟ್ಟು, "ತುಂಬಾ ನೋವಾಗುತ್ತಾ?" ಅಂದರು.

"ಇಲ್ಲ ಮಿಸ್."

"ನಾನೂ ಮಾಡಿಸಿಲ್ಲ. ಯಾವತ್ತೂ." ಅವರ ಕೈ ಪೌಡರಕ್ಕನ ಕೈಯನ್ನು ಹುಡುಕಿ ಹಿಡಿದುಕೊಂಡಿತು. ಅವರೂ ಪುಟ್ಟಿಯೂ ಡಾಕ್ಟರಮ್ಮನನ್ನು ಕಂಡು ಮಾತಾಡಿ, ತಮಗೆ ಬೇಕಾದ್ದಕ್ಕೆ ಸಮಯ ಗೊತ್ತು ಮಾಡಿಕೊಂಡೇ ಹೊರಟರು.

ಸಂಜೆ ಪೌಡರಕ್ಕ ಮಗಳಿಗೆ ಫೋನಿನಲ್ಲಿ ಎಲ್ಲ ಹೇಳಿ, ಮಗಳು ನಕ್ಕು ಅತ್ತು ಮುಗಿಸಿದ ಮೇಲೆ, ಮೈ ಹಗುರಾಗಿ ಒಲೆ ಮುಂದೆ ನಿಂತಿದ್ದಳು. ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾದವರು ಆಣೆ ಮಾಡಿದ್ದಾರೆ. ಜೀವ ಉಳಿಯಿತು, ಮಾನವೂ ಉಳಿಯಿತು.

ಹಾಲಿನಲ್ಲಿ ಮೊಳೆ ಹೊಡೆಯುವ ಸದ್ದು ಕೇಳಿತು.

"ಬಾರೇ ಇಲ್ಲಿ!" ಗಂಡ ಕೂಗಿದ. "ಮಿಸ್ಸೂ ಪುಟ್ಟೀನೂ ಕೆಳಗೆ ಸಿಕ್ರು, ಅವರನ್ನೂ ಕರ್ಕೊಂಡು ಬಂದಿದ್ದೀನಿ. ಏನು ತಂದಿದ್ದೀನಿ ನೋಡು ಬಾ!"

ಅವಳು ಸೌಟು ಹಿಡಿದೇ ಬಂದಳು. ಎಂಜಿನಿಯರರ ಫೋಟೋ ಕೆಳಗಿಳಿದು ಗೋಡೆಗೆ ಒರಗಿತ್ತು. ಅವರಿದ್ದ ಜಾಗದಲ್ಲಿ, ಊಟದ ಮೇಜಿನ ನೇರಕ್ಕೆ, ಹೊಳೆಯುವ ಗಾಜಿನ ಹಿಂದೆ ಕಗ್ಗತ್ತಲು, ಬೂದಿ ಮೋಡ, ಚೆಲ್ಲಿದ ಚುಕ್ಕಿಗಳು.

ಹೆಡ್‌ಮಿಸ್ಸು ಸೂರು ನೋಡುತ್ತಿದ್ದರು. ಪುಟ್ಟಿ ಬಾಯಿಗೆ ಬಟ್ಟೆ ತುರುಕಿಕೊಂಡಿದ್ದಳು.

"ದೊಡ್ಡಾಸ್ಪತ್ರೆಯ ಅಟೆಂಡರ್ ಪ್ರಿಂಟು ಹಾಕಿಸೋಕೆ ತಂದ. ಏನು ಚಿತ್ರ ಅಂದ್ರೆ ಅವನಿಗೂ ಗೊತ್ತಿಲ್ಲ. ಮುಚ್ಕೊಂಡು ಫ್ರೇಮ್ ಹಾಕು ಅಂದ," ಗಂಡ ಸುತ್ತಿಗೆ ಕೆಳಗಿಟ್ಟ. "ನನಗೆ ತಿಳಿಯಲ್ವಾ? ರೋಗಿಗಳ ಮನಸ್ಸಿಗೆ ತಂಪಾಗ್ಲಿ ಅಂತ ಆಕಾಶದ ಚಿತ್ರ ಹಾಕಿಸ್ತಿದ್ದಾರೆ. ಮೊದಲನೇ ಪ್ರಿಂಟು ಅಂಚು ಸೊಟ್ಟ ಆಯ್ತು. ಬಿಸಾಕೋಕೆ ಮನಸ್ಸಾಗುತ್ತೇನೇ? ಸಂಜೆ ತನಕ ಅಂಗಡಿ ಬಾಗಿಲಲ್ಲಿ ಇಟ್ಟಿದ್ದೆ. ಬಸ್ಸಿನ ಕಂಡಕ್ಟರ್ ಸೀಟಿ ಊದಿ ಗಾಡಿ ನಿಲ್ಲಿಸಿ ನೋಡ್ದ!"

ಪೌಡರಕ್ಕನ ಸೌಟಿನಿಂದ ಒಂದು ಹನಿ ನೆಲಕ್ಕೆ ಬಿತ್ತು. ಹೇಳಿದರೆ ಬೆಳಗಾಗುವುದರೊಳಗೆ ಆ ರಸ್ತೆಗೆಲ್ಲ ಗೊತ್ತು. ಹೇಳದಿದ್ದರೆ ಜೀವಮಾನವೆಲ್ಲ ಇದರ ಕೆಳಗೆ ಊಟ.

"ಅದನ್ನ ತೆಗೀರಿ," ಅಂದಳು.

"ಯಾಕೆ?"

ಪೌಡರಕ್ಕ ನೆಲ ನೋಡಿದಳು. ಬಿದ್ದ ಹನಿಯನ್ನು ಕಾಲಿನಿಂದ ಒರೆಸಿದಳು.

ಗಂಡನಿಗೆ ಅವಳ ಉತ್ತರ ಬೇಕಿರಲಿಲ್ಲ. ಅವನು ಎಂದೂ ಇಲ್ಲದ ಹಾಗೆ ಮಾತು ನಿಲ್ಲಿಸಿ, ಕೈಕಟ್ಟಿಕೊಂಡು, ಚಿತ್ರದ ಮುಂದೆ ನಿಂತಿದ್ದ. ಸ್ವಲ್ಪ ಸರಿದು ಅವಳಿಗೂ ಪಕ್ಕದಲ್ಲಿ ಜಾಗ ಮಾಡಿದ. ಇಬ್ಬರ ಭುಜ ತಾಗಿತು.

"ಇಷ್ಟು ವರ್ಷ ಎಷ್ಟೋ ಚಿತ್ರಕ್ಕೆ ಗಾಜು ಹಾಕಿದ್ದೀನಿ ಕಣೇ, ಇಂಥದ್ದು ಕಂಡಿರಲಿಲ್ಲ," ಅಂದ, ಗುಡಿಯೊಳಗೆ ನಿಂತವನ ದನಿಯಲ್ಲಿ. "ಕೈ ಚಾಚಿದ್ರೆ ಸಿಗೋ ಹಾಗಿದೆ. ಆದ್ರೆ ಎಲ್ಲಿದೆಯೋ, ಎಷ್ಟು ದೂರವೋ! ನಮ್ಮಂಥೋರಿಗೆ ಇದನ್ನ ಹತ್ತಿರದಿಂದ ನೋಡೋ ಯೋಗ ಎಲ್ಲಿ ಬರ್ಬೇಕು, ಹೇಳು?"